ನಾನು ಮಾಡಿದ ಮೆಣಸಿನಕಾಯಿ ಪ್ರಯೋಗ

ವಯಸ್ಸಾದ ಮೇಲೆ ತತ್ತ್ವಶಾಸ್ತ್ರ ಓದಬಾರದು. ಹುಡುಗುತನದಲ್ಲಿ ಓದಿದರೆ ಪರೀಕ್ಷೆ ಬರೆದು ಮರೆತುಬಿಡಬಹುದು. ನಲವತ್ತೈದು ದಾಟಿದವನಿಗೆ ಅದನ್ನು ಮನೆಯವರ ಮೇಲೆ ಪ್ರಯೋಗಿಸುವ ಚಪಲ ಹುಟ್ಟುತ್ತದೆ. ಹಗಲೆಲ್ಲ ಲಂಡನ್ನಿನ ಕ್ಯಾನರಿ ವಾರ್ಫಿನ ಆಫೀಸಿನಲ್ಲಿ ಕೂತು ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ನನ್ನ ಕಸುಬು. ಅಷ್ಟು ಸಾಲದೆಂದು ಗುರುವಾರ ಸಂಜೆ ಕೊಲಿಂಡೇಲಿನ ನಮ್ಮ ಫ್ಲಾಟಿನ ಹತ್ತಿರದ ಲೈಬ್ರರಿಯಲ್ಲಿ ಮಧ್ಯಯುಗದ ತತ್ತ್ವಶಾಸ್ತ್ರದ ಪಾಠಕ್ಕೆ ಸೇರಿಕೊಂಡೆ.

ಸೇರಿದ್ದೇ ತಡ, ತಲೆ ತಿರುಗಿಹೋಯಿತು! ಮಧ್ಯಯುಗವೆಂದರೆ ಬರೀ ಕತ್ತಲೆ, ಗಡ್ಡ, ಮೂಢನಂಬಿಕೆ ಎಂದುಕೊಂಡಿದ್ದವನು ನಾನು. ಆದರೆ ಆಡಿನ ರಕ್ತಕ್ಕೆ ವಜ್ರ ಒಡೆಯುತ್ತದೆಂದು ಗ್ರಂಥಗಳೆಲ್ಲ ಸಾರುತ್ತಿದ್ದ ಕಾಲದಲ್ಲಿ ಒಬ್ಬ ಸನ್ಯಾಸಿ ತಾನೇ ಪರೀಕ್ಷಿಸಿ ಸುಳ್ಳೆಂದು ಹೇಳಿಬಿಟ್ಟನಂತೆ. ಬೆಂಕಿ ಸುಡುತ್ತದೆಂದು ಎಷ್ಟು ವಾದಿಸಿದರೇನು, ಕೈಯಿಟ್ಟು ನೋಡುವವರೆಗೆ ಮನಸ್ಸು ಒಪ್ಪುವುದಿಲ್ಲ ಎಂಬುದು ಅವನ ಮತ. ಪೂರ್ವದೇಶದ ಇನ್ನೊಬ್ಬ ಪಂಡಿತನಂತೂ ತನ್ನ ಕಣ್ಣನ್ನೇ ಸಂಶಯಿಸಿದ: ನೆರಳು ನಿಂತಂತೆ ಕಾಣುತ್ತದೆ, ಆದರೆ ಸರಿಯುತ್ತಲೇ ಇರುತ್ತದೆ. ‘ಇಂದ್ರಿಯಗಳು ಮೋಸ ಮಾಡುತ್ತವೆ’ ಎಂದು ಬರೆದುಕೊಂಡು ಕೆಳಗೆ ಎರಡು ಗೆರೆ ಎಳೆದೆ. ಮನೆಗೆ ನಡೆದು ಬರಲಿಲ್ಲ, ಹಾರಿ ಬಂದೆ.

ಮನೆಯಲ್ಲಿ ಆಡೂ ಇರಲಿಲ್ಲ, ವಜ್ರವೂ ಇರಲಿಲ್ಲ. ಮೈಸೂರಿನಿಂದ ಬಂದಿದ್ದ ಅತ್ತೆ ಇದ್ದರು. ಆ ವಾರ ನನಗೆ ವಿಪರೀತ ನೆಗಡಿ. ನನಗೆ ಬಡ್ತಿಯಾದ ಸುದ್ದಿಯನ್ನು ಹೆಂಡತಿ ವಿದ್ಯಾ ರೇನರ್ಸ್ ಲೇನಿನ ಅಂಗಡಿಯಲ್ಲಿ ನಾಲ್ಕು ಜನಕ್ಕೆ ಹೇಳಿದ್ದಳು. ಆದ್ದರಿಂದ ಇದು ದೃಷ್ಟಿಯೇ ಎಂದು ಅತ್ತೆ ತೀರ್ಪು ಕೊಟ್ಟರು. ಒಣಮೆಣಸಿನಕಾಯಿ ನಿವಾಳಿಸಿ ಸುಟ್ಟಾಗ ಘಾಟು ಬರದಿದ್ದರೆ ದೃಷ್ಟಿ ತಗುಲಿದ್ದು ಖಂಡಿತವಂತೆ.

“ನಿವಾಳಿಸದೇ ಇರೋ ಮೆಣಸಿನಕಾಯೀನ ಯಾವತ್ತಾದ್ರೂ ಸುಟ್ಟು ನೋಡಿದ್ದೀರಾ ಅತ್ತೆ?” ಎಂದೆ.

“ಸುಮ್‌ಸುಮ್ನೆ ಯಾರು ಸುಡ್ತಾರೆ ಅಳಿಯಂದ್ರೇ? ಮೆಣಸಿನಕಾಯಿ ಏನು ಬಿಟ್ಟಿ ಬರುತ್ತಾ?”

ಪಣ ಕಟ್ಟಿದೆ. ನಿವಾಳಿಸಿದ್ದು, ನಿವಾಳಿಸದ್ದು ಎರಡರ ಘಾಟೂ ಒಂದೇ ಆದರೆ ಇನ್ನು ನಮ್ಮ ಮನೆಯಲ್ಲಿ ದೃಷ್ಟಿಯ ಮಾತಿಲ್ಲ. ಇಲ್ಲದಿದ್ದರೆ ಅತ್ತೆ ಊರಿಗೆ ಹೊರಡುವವರೆಗೆ ಪ್ರತಿ ಶನಿವಾರ ನಾನು ತೆಪ್ಪಗೆ ಮಣೆಯ ಮೇಲೆ ಕೂರಬೇಕು. ಇಪ್ಪತ್ತು ವರ್ಷದಿಂದ ಕಾಪಾಡಿಕೊಂಡು ಬಂದ ವಿಚಾರವಂತನೆಂಬ ಮಾನ ಎರಡು ಬಾಣಲೆಗಳಿಗೆ ಬಂದು ನಿಂತಿತು.

ಶನಿವಾರ ಮಧ್ಯಾಹ್ನ ಅತ್ತೆ ಏಳು ಮೆಣಸಿನಕಾಯಿ ನಿವಾಳಿಸಿ ಕೊಟ್ಟರು. ಸಾಕ್ಷಿಗಳು ಪ್ರಯೋಗದಲ್ಲಿ ಮೂಗು ತೂರಿಸಬಾರದೆಂದು ತಾಯಿ ಮಗಳಿಬ್ಬರನ್ನೂ ಬಾಲ್ಕನಿಗೆ ಕಳಿಸಿ ಗಾಜಿನ ಬಾಗಿಲು ಎಳೆದೆ. ಏಳನ್ನೂ ಕಾದ ಬಾಣಲೆಗೆ ಹಾಕಿ ಮೂಸಿದೆ. ಘಾಟಿಲ್ಲ! ಎದೆ ಧಸಕ್ಕೆಂದಿತು. ನಿವಾಳಿಸದ ಏಳನ್ನು ಇನ್ನೊಂದಕ್ಕೆ ಹಾಕಿದೆ. ಅದಕ್ಕೂ ಘಾಟಿಲ್ಲ! ಗೆದ್ದೆ! ಆದರೆ ನಿಜವಾದ ಶೋಧಕ ಒಂದೇ ಸಲಕ್ಕೆ ತೃಪ್ತನಾಗಬಾರದಲ್ಲ, ಎರಡಕ್ಕೂ ಒಂದೊಂದು ಹಿಡಿ ಸುರಿದೆ. ಕೆಮ್ಮು ಬಂತು, ನೆಗಡಿಯವನಿಗೆ ಕೆಮ್ಮು ಹೊಸದೇ? ಕಣ್ಣಲ್ಲಿ ಧಾರಾಕಾರ ನೀರು ಬಂತು, ಆನಂದಬಾಷ್ಪವೆಂದುಕೊಂಡೆ. ಅಷ್ಟರಲ್ಲಿ ಹೊಗೆಯ ಅಲಾರಂ ಕಿರುಚಿಕೊಂಡಿತು, ಅದರ ಹಿಂದೆಯೇ ಇಡೀ ಕಟ್ಟಡದ್ದು.

ಐದು ನಿಮಿಷದಲ್ಲಿ ಎಲ್ಲ ಮಹಡಿಗಳವರೂ ಕೆಮ್ಮುತ್ತ ಕಾರ್ ಪಾರ್ಕಿನಲ್ಲಿದ್ದರು. ಒಬ್ಬರು ತಲೆಗೆ ಶಾಂಪೂ ಹಾಕಿಕೊಂಡೇ ಇಳಿದಿದ್ದರು.

“ರೀ, ಮೂಗು ಕಟ್ಕೊಂಡಿರೋರು ಯಾರಾದ್ರೂ ಘಾಟು ನೋಡೋಕೆ ಹೋಗ್ತಾರಾ?” ಎಂದಳು ವಿದ್ಯಾ, ಸೆರಗಿನಲ್ಲಿ ಮುಖ ಮುಚ್ಚಿಕೊಂಡು.

ಲೋಕವನ್ನೆಲ್ಲ ಸಂಶಯಿಸಿದವನಿಗೆ ನನ್ನ ಮೂಗೊಂದರ ಮೇಲೆ ಸಂಶಯ ಬಂದಿರಲಿಲ್ಲ. ನಾಚಿಕೆಯಿಂದ ನೆಲ ನೋಡುತ್ತ ನಿಂತೆ. ಅತ್ತೆ ಮಾತ್ರ ಸುತ್ತಲೂ ಕಣ್ಣಾಡಿಸಿ ಮೆಲ್ಲಗೆ ಅಂದರು: “ನೋಡಿ ಅಳಿಯಂದ್ರೇ, ಇಡೀ ಬಿಲ್ಡಿಂಗು ನಿಮ್ಮನ್ನೇ ಕೆಕ್ಕರಿಸ್ಕೊಂಡು ನೋಡ್ತಿದೆ. ಇವತ್ತೂ ದೃಷ್ಟಿ ಆಗಿಲ್ಲ ಅಂತೀರಾ?”

ತಲೆಯೆತ್ತಿ ನೋಡಿದೆ. ಶಾಂಪೂವಿನವರ ಕಣ್ಣು ನಿಜಕ್ಕೂ ಕೆಂಪಗಿತ್ತು.

ಮನೆಗೆ ಹೋದ ಮೇಲೆ ನಾನೇ ಮಣೆ ಹಾಕಿಕೊಂಡು ಪೂರ್ವಕ್ಕೆ ಮುಖ ಮಾಡಿ ಕೂತೆ. ಮೆಣಸಿನಕಾಯಿ ಒಂದೂ ಉಳಿದಿರಲಿಲ್ಲವಾದ್ದರಿಂದ ಅತ್ತೆ ಬರೀ ಉಪ್ಪು ಹಿಡಿದು ನಿವಾಳಿಸತೊಡಗಿದರು. ಎರಡು ಸುತ್ತಿಗೇ ಅವರ ಕೈ ಕೆಳಗಿಳಿದಂತೆ ಕಂಡಾಗ, “ಅತ್ತೆ, ಇನ್ನೊಂದು ಸುತ್ತು ಬಾಕಿ ಇದೆ” ಎಂದವನು ನಾನೇ.