ಬೆರಳುದ್ದ, ಬೆರಳುದಪ್ಪ

"ಅರವತ್ತು ಸಾವಿರ ಬಾಯಿಗೆ ದಿನಕ್ಕೆ ಮೂರು ಹೊತ್ತು ಇಕ್ಕೋನು ಕಣವ್ವ ನಾನು! ಇನ್ನೊಂದು ಬಾಯಿ ನಂಗೆ ಹೆಚ್ಚಾಯ್ತದಾ?"

ವಿರೂಪಾಕ್ಷಿಪುರದ ಕೆಂಪರಾಜು ಹೀಗೆ ತೊಡೆ ತಟ್ಟಿದ್ದು ಒಂದು ಸೋಮವಾರ ಬೆಳಿಗ್ಗೆ. ಅರವತ್ತು ಸಾವಿರ ಬಾಯಿ ಎಂದರೆ ಅವನು ಸಾಕಿದ ರೇಷ್ಮೆ ಹುಳುಗಳು. ಇನ್ನೊಂದು ಬಾಯಿ ಎಂಟು ತಿಂಗಳ ಮಗಳು ಮಾನ್ಯಳದು. ಎದುರು ಪಕ್ಷದಲ್ಲಿ ಅವನ ಅವ್ವ ವೆಂಕಟಲಕ್ಷ್ಮಮ್ಮ ಬೆಳ್ಳಿ ಒಳಲೆ ಹಿಡಿದು ನಿಂತಿದ್ದಳು. ಆ ಮನೆಯ ಮಕ್ಕಳೆಲ್ಲ ಕಾಲ ಮೇಲೆ ಅಂಗಾತ ಮಲಗಿ, ಆ ಕೊಕ್ಕಿನ ಬಟ್ಟಲಿನಿಂದಲೇ ರಾಗಿ ಸರಿ ಕುಡಿದು ದೊಡ್ಡವರಾದವರು. ಕೆಂಪರಾಜುವೂ ಅಷ್ಟೇ!

ಆದರೆ ಎರಡು ತಿಂಗಳ ಹಿಂದೆ ಹಾಗೆ ಕುಡಿಸುವಾಗ ಸರಿ ನೆತ್ತಿಗೇರಿ ಮಗುವಿನ ಮುಖ ನೀಲಿಗಟ್ಟಿತ್ತು. ಬೋರಲು ಹಾಕಿ ಬೆನ್ನಿಗೆ ಬಡಿದ ಮೇಲೆ ಅತ್ತಿತು. ಆ ಅಳು ಕೇಳುವವರೆಗೆ ಕೆಂಪರಾಜುಗೆ ಜೀವ ಬಾಯಿಗೆ ಬಂದಿತ್ತು. ಅವತ್ತಿನಿಂದ ಒಳಲೆ ಕಂಡರೆ ಅವನು ಮಗುವನ್ನೆತ್ತಿಕೊಂಡು ಅಂಗಳಕ್ಕೆ ಓಡುತ್ತಿದ್ದ.

ಆಸ್ಪತ್ರೆಯ ನರ್ಸ್ ಮಹ್ವಿಶ್ ದಾರಿ ತೋರಿಸಿದ್ದಳು. "ಮಗೂನ ನೆಟ್ಟಗೆ ಕೂರ್ಸಿ. ತುಂಡು ಬೆರಳುದ್ದ, ಬೆರಳುದಪ್ಪ ಇರ್ಲಿ. ಒತ್ತಿದ್ರೆ ಮೆತ್ತಗಿರ್ಬೇಕು. ಕೈಗೆ ಕೊಡಿ, ತಾನೇ ತಿಂತಾಳೆ. ಪಕ್ಕದಲ್ಲೇ ಇರಿ. ಆದ್ರೆ ಬಾಯಿಗೆ ಬೆರಳು ತುರುಕಬೇಡಿ, ತುಂಡು ಇನ್ನೂ ಒಳಗೆ ಹೋಗುತ್ತೆ."

ಹೆಂಡತಿ ಪ್ರತಿಮಾ ಮುಂದಿನ ಸೋಮವಾರ ಚನ್ನಪಟ್ಟಣದ ಬೊಂಬೆ ಕಾರ್ಖಾನೆಗೆ ಮತ್ತೆ ಕೆಲಸಕ್ಕೆ ಹೋಗಬೇಕಿತ್ತು. ಬಣ್ಣ ಹಾಕುವುದು ಅವಳ ಕೆಲಸ. ಅಷ್ಟರಲ್ಲಿ ಬರೀ ಎದೆಹಾಲಿನ ಮಗು ಊಟ ಕಲಿಯಬೇಕು. ವೆಂಕಟಲಕ್ಷ್ಮಮ್ಮ ತೀರ್ಪು ಕೊಟ್ಟಳು.

"ಭಾನುವಾರ ಸಂಜೆ ಒಳ್ಗೆ ಕೂಸು ಒಂದೇ ಒಂದು ತುಂಡು ತಾನಾಗಿ ತಿಂದ್ರೆ ನಿನ್ ದಾರಿ. ಇಲ್ಲ ಅಂದ್ರೆ ನನ್ ಒಳಲೆ! ಆಯ್ತೇನ್ಲಾ?"

"ಭಾನುವಾರ ಯಾಕವ್ವ? ನಾಳೆನೇ ನೋಡ್ಕೊ!"

ನಾಳೆ ಬಂತು. ಸಿಹಿಗುಂಬಳ ಬೇಯಿಸಿ, ತನ್ನ ತೋರುಬೆರಳು ಪಕ್ಕಕ್ಕಿಟ್ಟು ಅಳೆದು ಕತ್ತರಿಸಿದ. ಮಾನ್ಯ ಅದನ್ನು ತಲೆಗೆ ತಿಕ್ಕಿಕೊಂಡಳು. ಬುಧವಾರದ ಬಾಳೆಹಣ್ಣು ಕಿವಿಗೆ ಹೋಯಿತು. ಗುರುವಾರದ ಕ್ಯಾರೆಟ್ಟನ್ನು ಗೋಡೆಗೆ ಮೆತ್ತಿದಳು. ಕೆಂಪರಾಜು ಗೇಣು ದೂರದಲ್ಲಿ ಕುಕ್ಕರಗಾಲಲ್ಲಿ ಕೂತು, ಕಣ್ಣು ಮಿಟುಕಿಸದೆ ನೋಡುತ್ತಾ, "ತಿನ್ನವ್ವ! ಆ… ಅನ್ನು! ಆ…" ಎಂದು ತಾನೇ ಬಾಯಿ ಕಳೆದ. ತಲೆಗೆ ಟವೆಲ್ ಸುತ್ತಿ ಕುಣಿದ. ಮಾನ್ಯ ಊಟ ಬಿಟ್ಟು ಅಪ್ಪನನ್ನೇ ನೋಡಿದಳು. ಇಷ್ಟು ಚೆಂದದ ಆಟ ಎದುರಿಗಿರುವಾಗ ಕುಂಬಳಕಾಯಿ ಯಾರಿಗೆ ಬೇಕು?

"ಒಸಿ ದೂರ ಕುಂತ್ಕೊಳ್ರೀ," ಎಂದಳು ಪ್ರತಿಮಾ.

"ನಿಂಗೆ ಗೊತ್ತಾಗಾಕಿಲ್ಲ ಸುಮ್ಕಿರು! ಕಣ್ಣಿಟ್ಟು ನೋಡ್ಕಬೇಕು!"

ಶನಿವಾರದ ಹೊತ್ತಿಗೆ ಅವನ ಜಂಬವೆಲ್ಲ ಇಳಿದಿತ್ತು. ಮಗಳು ಸೊರಗಿದಂತೆ ಕಂಡಳು. ತಟ್ಟೆ ಮುಂದಿಟ್ಟರೆ ಅವನಿಗೇ ತುತ್ತು ಇಳಿಯುತ್ತಿರಲಿಲ್ಲ. ಕಣ್ಣು ಮುಚ್ಚಿದರೆ ನೀಲಿಗಟ್ಟಿದ ಆ ಪುಟ್ಟ ಮುಖ, ಕಣ್ಣು ಬಿಟ್ಟರೆ ಒಳಲೆ ಉಜ್ಜುತ್ತಾ ಕೂತ ಅವ್ವ!

ಭಾನುವಾರ ಬೆಳಿಗ್ಗೆ ಇದ್ದಕ್ಕಿದ್ದಂತೆ ಹುಳುಗಳು ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದವು. ಹಣ್ಣಾದ ಹುಳು ಯಾರಿಗೂ ಕಾಯುವುದಿಲ್ಲ. ಆರಿಸಿ ಆರಿಸಿ ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗೆ ಬಿಡದಿದ್ದರೆ ಸಿಕ್ಕಸಿಕ್ಕಲ್ಲಿ ಗೂಡು ಕಟ್ಟಿ ಬೆಳೆ ಹಾಳು. ಮನೆಮಂದಿಯೆಲ್ಲ ಹುಳುಮನೆಗೆ ನುಗ್ಗಿದರು. ಮಗುವನ್ನು ಒಂಟಿಯಾಗಿ ಬಿಡುವಂತಿಲ್ಲವಲ್ಲ, ಕೆಂಪರಾಜು ಪಕ್ಕದಲ್ಲೇ ಚಾಪೆ ಹಾಸಿ ಕೂರಿಸಿಕೊಂಡ.

ಹುಳು ಸಾಕುವ ತಟ್ಟೆಯ ಅಂಚಿನಿಂದ ಒಂದು ಹುಳು ಚಾಪೆಗೆ ಬಿತ್ತು. ಬೆರಳುದ್ದ. ಬೆರಳುದಪ್ಪ. ಒತ್ತಿದರೆ ಮೆತ್ತಗೆ. ಹಣ್ಣಾಗಿದ್ದರಿಂದ ಕುಂಬಳಕಾಯಿಯ ಹಾಗೆ ಹಳದಿ ಬೇರೆ!

ಮಾನ್ಯ ಅದನ್ನು ಮುಷ್ಟಿಯಲ್ಲಿ ಹಿಡಿದಳು. ತುದಿ ಮೇಲಕ್ಕಿತ್ತು. ನರ್ಸಮ್ಮ ಹೇಳಿದ ಹಾಗೆಯೇ ನೆಟ್ಟಗೆ ಕೂತು, ತಾನಾಗಿ, ಯಾರ ಬಲವಂತವೂ ಇಲ್ಲದೆ ಬಾಯಿಗಿಟ್ಟಳು!

"ಅಯ್ಯಯ್ಯೋ! ಹುಳ ತಿಂತಾವ್ಳೆ!" ವೆಂಕಟಲಕ್ಷ್ಮಮ್ಮ ಬೆರಳು ಚಾಚಿ ಹಾರಿದಳು.

"ಬೆರಳು ಹಾಕ್ಬ್ಯಾಡ ಕಣವ್ವ! ಒಳಕ್ಕೋಯ್ತದೆ!" ಕೆಂಪರಾಜು ಅವ್ವನ ಕೈಗೆ ಜೋತುಬಿದ್ದ. ಅಷ್ಟರಲ್ಲಿ ಪ್ರತಿಮಾ ಮಗುವನ್ನು ಮುಂದಕ್ಕೆ ಬಾಗಿಸಿ ಹಿಡಿದಳು. ಮಾನ್ಯ ಮುಖ ಕಿವುಚಿ, ಉವ್ವೆ ಎಂದು ನಾಲಿಗೆ ಹೊರಕ್ಕೆ ತಳ್ಳಿದಳು. ಹುಳು ಇಡಿಯಾಗಿ ಚಾಪೆಗೆ ಬಿದ್ದು, ತಲೆ ಎತ್ತಿ ಅತ್ತಿತ್ತ ಆಡಿಸಿತು.

"ವಾರಪೂರ್ತಿ ಇಂಥದ್ನೇ ಕತ್ತರಿಸ್ಕೊಟ್ಟು ಅಭ್ಯಾಸ ಮಾಡ್ಸಿದ್ದೀಯ! ಕೂಸಿಂದೇನ್ಲಾ ತಪ್ಪು?" ಎಂದಳು ಅವ್ವ.

ಪ್ರತಿಮಾ ಮಗುವಿನ ಬಾಯಿ ತೊಳೆಸಲು ಜಗಲಿಗೆ ಎತ್ತಿಕೊಂಡು ಹೋದಳು. ಕೆಂಪರಾಜು ಮತ್ತೆ ಹುಳು ಆರಿಸಲು ಹೋಗಿ ಅಲ್ಲೇ ಕುಸಿದು ಕೂತ. ಮಗಳು ಉಳಿದಳೆಂಬ ಸಮಾಧಾನಕ್ಕೂ ಸೋತೆನೆಂಬ ಸಂಕಟಕ್ಕೂ ಒಟ್ಟಿಗೇ ಅಳು ಬಂತು. ಕಣ್ಣು ಒರೆಸಿಕೊಳ್ಳೋಣವೆಂದರೆ ಎರಡು ಕೈಯಲ್ಲೂ ಹುಳು!

"ಹೋಗವ್ವ, ಸರಿ ಮಾಡ್ಕೊಂಬಾ. ನಿನ್ ಒಳಲೇನೆ ಗೆಲ್ತು," ಎಂದ.

ವೆಂಕಟಲಕ್ಷ್ಮಮ್ಮ ಗೆದ್ದವಳ ನಡಿಗೆಯಲ್ಲಿ ಹೋಗಿ, ಒಳಲೆ ತುಂಬ ಸರಿ ಕಾಯಿಸಿ ಆರಿಸಿಕೊಂಡು ಬಂದಳು. ಆದರೆ ಜಗಲಿಯ ಹತ್ತಿರ ನಿಂತೇಬಿಟ್ಟಳು. "ಲೇ ಕೆಂಪರಾಜ, ಬಾರ್ಲಾ ಇಲ್ಲಿ. ಉಸಿರೆತ್ತಬ್ಯಾಡ."

ಪ್ರತಿಮಾ ಬೆಳಿಗ್ಗೆ ಮಗುವಿಗೆಂದು ಬೇಯಿಸಿಟ್ಟಿದ್ದ ಕುಂಬಳಕಾಯಿ ತಿನ್ನುತ್ತಾ ಗೋಡೆಗೊರಗಿದ್ದಳು. ಪಕ್ಕದಲ್ಲಿ ಮಾನ್ಯ ಕೈಯ ತುಂಡನ್ನು ವಸಡಿನಲ್ಲಿ ಜಗಿದು ನುಂಗಿ, ತಟ್ಟೆಯಿಂದ ಇನ್ನೊಂದು ಎತ್ತಿಕೊಂಡಳು. ಯಾರೂ ಕುಣಿಯುತ್ತಿರಲಿಲ್ಲ. ಯಾರೂ "ಆ" ಅನ್ನುತ್ತಿರಲಿಲ್ಲ.

"ಏನು ಮಾಡ್ದೆ ನೀನು?" ಕೈಯ ಹುಳು ಸಮೇತ ಬಂದ ಕೆಂಪರಾಜು ಪಿಸುಗುಟ್ಟಿದ.

"ಏನೂ ಮಾಡ್ನಿಲ್ಲ. ಅರವತ್ತು ಸಾವಿರ ಹುಳಕ್ಕೆ ಸೊಪ್ಪು ಹಾಕ್ತೀರಲ್ಲ, ಒಂದರ ಮುಂದಾದ್ರೂ ಕುಂತು 'ತಿನ್ನವ್ವ ತಿನ್ನು' ಅಂತ ಟವೆಲ್ ಸುತ್ಕೊಂಡು ಕುಣ್ದಿದ್ದೀರಾ?"

ಕೆಂಪರಾಜು ಉತ್ತರಕ್ಕೆಂದು ಬಾಯಿ ತೆರೆದ. ತೆರೆದ ಬಾಯಿಗೆ ಒಳಲೆಯ ಕೊಕ್ಕು ಬಂದು ಕೂತಿತು.

"ಅದು ತಿಂತಾ ಐತೆ. ನಿನ್ನೆಯಿಂದ ಉಣ್ಣದೆ ಇರೋದು ನೀನೊಬ್ನೆ," ಎಂದಳು ವೆಂಕಟಲಕ್ಷ್ಮಮ್ಮ. "ಕೈ ತುಂಬ ಹುಳ, ತಾನಾಗಿ ತಿನ್ನಾಕಾಗಲ್ಲ. ನೆಟ್ಟಗೆ ಕುಂತ್ಕೊ, ಕುಡಿ!"

ಕೆಂಪರಾಜು ನೆಟ್ಟಗೆ ಕೂತು ಕುಡಿದ.