ಸಾಮಾನು ಛಲೋ, ಅಣ್ಣ ಬ್ಯಾಡ

ನಮ್ಮಣ್ಣ ಈವರೆಗೆ ಯಾವ ವಸ್ತುವನ್ನೂ ಪೂರ್ತಿ ಮಾರಿದವನಲ್ಲ! ಟಿವಿ ಮಾರಿದರೆ ರಿಮೋಟ್ ನಮ್ಮ ಮನೆಯಲ್ಲೇ ಉಳಿಯುತ್ತದೆ. ಮೊಬೈಲ್ ಮಾರಿದರೆ ಚಾರ್ಜರ್ ಉಳಿಯುತ್ತದೆ. ಸೈಕಲ್ ಮಾರಿದರೆ ಅದರ ಕೀಲಿ ಉಳಿಯುತ್ತದೆ. ಇವೆಲ್ಲ ನಮ್ಮ ಪಡಸಾಲೆಯ ಗೂಟಕ್ಕೆ ನೇತಾಡುತ್ತಿವೆ. ಮನೆಗೆ ಬಂದವರು ಇದು ಯಾವ ದೇವರ ಹರಕೆ ಎಂದು ಕೇಳುತ್ತಾರೆ. ಏನು ಹೇಳಲಿ? ನೀವು ನಗಿರಿ, ನಗುವಂಥ ಮಾತೇ. ನನಗೆ ಮಾತ್ರ ಈಗೀಗ ಆ ಗೂಟದ ಕಡೆ ಕಣ್ಣು ಹೋದರೆ ತುತ್ತು ಇಳಿಯುವುದಿಲ್ಲ.

ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನಮ್ಮ ಮನೆ ಇಳಕಲ್ಲಿನಲ್ಲಿ. ಗಂಡ ಗ್ರಾನೈಟ್ ಪಾಲಿಶ್ ಕೆಲಸಕ್ಕೆ ಹೋಗುತ್ತಾರೆ. ನಾನು ಓಣಿಯವರ ಹಳೆಯ ಸಾಮಾನುಗಳ ಫೋಟೋ ತೆಗೆದು, ಮೊಬೈಲಿನಲ್ಲಿ ಹಾಕಿ, ಮಾರಿಕೊಡುತ್ತೇನೆ. ನನಗೆ ಬೆರಳಿನಿಂದ ಬರೆಯುವುದು ನಿಧಾನ. ಬಾಯಿಂದ ಹೇಳುತ್ತೇನೆ, ಮೊಬೈಲೇ ಬರೆದುಕೊಳ್ಳುತ್ತದೆ.

ನಮ್ಮಣ್ಣ ಮದುವೆಯಾಗಲಿಲ್ಲ. ಆಯುಷ್ಯವೆಲ್ಲ ಕುರಿಗಳ ಹಿಂದೆ ತಿರುಗಿದ, ಸಂತೆಯಲ್ಲಿ ದನ ಕೊಡಿಸಿದ, ಮಾರಿಸಿದ. ಮೊಣಕಾಲು ಸೋತ ಮೇಲೆ ಕುರಿಗಳನ್ನು ಕೊಟ್ಟು ನಮ್ಮ ಮನೆಗೆ ಬಂದ. ಬರುವಾಗ ತಂದದ್ದು ಒಂದು ಕಂಬಳಿ, ಒಂದು ಹಳೆಯ ಮೊಪೆಡ್ಡು. ತಂಗಿಯ ಮನೆಯಲ್ಲಿ ಸುಮ್ಮನೆ ಕೂತು ಉಣ್ಣುವವನಲ್ಲ. "ನಿನ್ನ ಯಾಪಾರಕ್ಕ ನಾನೂ ಕೈ ಹಚ್ತೇನಿ," ಎಂದ. ಹಚ್ಚಿದ!

ದನ ಮಾರಿದವರು ಹಗ್ಗ ಕೊಡುವುದಿಲ್ಲ. ಇದು ನಮ್ಮ ಮಂದಿಯ ಪದ್ಧತಿ. ದನ ಹೋದರೂ ಹಗ್ಗ ನಮ್ಮ ಗೂಟದಲ್ಲಿದ್ದರೆ ಹಟ್ಟಿಯ ಲಕ್ಷ್ಮಿ ಹೋಗುವುದಿಲ್ಲವಂತೆ. ಸರಿ, ಒಪ್ಪಿದೆ. ಆದರೆ ಟಿವಿಗೆ ಎಲ್ಲಿಯ ಹಗ್ಗ? ಗುಡೂರಿನಿಂದ ಹೊಸದಾಗಿ ಮದುವೆಯಾದವನೊಬ್ಬ ಟಿವಿ ಒಯ್ಯಲು ಬಂದ ದಿನ ನನಗೂ ತಿಳಿಯಿತು.

"ರಿಮೋಟ್ ಎಲ್ಲೈತ್ರಿ ಕಾಕಾ?"

"ಅದು ಹಗ್ಗ. ಕೊಡಂಗಿಲ್ಲ."

"ಟಿವಿಗೆ ಹಗ್ಗ ಇರ್ತೈತೇನ್ರಿ?"

"ದೂರ ಕುಂತು ಅದನ್ನ ಯಾವುದರಿಂದ ಆಡಸ್ತಿ?"

"ರಿಮೋಟಿನಿಂದ್ರಿ."

"ಹೌದಿಲ್ಲೋ? ಹಂಗಾರ ಅದೇ ಹಗ್ಗ."

ಆತ ನನ್ನ ಮುಖ ನೋಡಿದ. ನಾನು ಗೋಡೆ ನೋಡಿದೆ. ಕಡೆಗೆ ಅಣ್ಣನೇ ಬಜಾರಕ್ಕೆ ಹೋಗಿ, ತನ್ನ ಕಿಸೆಯಿಂದ ಕೊಟ್ಟು, ಹೊಸ ರಿಮೋಟ್ ತಂದುಕೊಟ್ಟ. ಕೊಂಡವನು ತನ್ನ ಹಗ್ಗ ತಾನೇ ತರಬೇಕು ನಿಜ, ಆದರೆ ಪಾಪ, ಹೊಸ ಸಂಸಾರ, ಅಂತ! ಆ ಟಿವಿಯಲ್ಲಿ ನಮಗೆ ಸಿಕ್ಕ ಲಾಭ ಏನೆಂದರೆ ಗೂಟಕ್ಕೊಂದು ರಿಮೋಟ್.

ಇನ್ನು ಜಾಹೀರಾತಿನ ಕಥೆ. ಲೋಕದಲ್ಲಿ ಎಲ್ಲರೂ ಏನು ಮಾಡುತ್ತಾರೆ? ಸಾಮಾನು ಒರೆಸಿ, ಚಂದ ಕಾಣುವ ಮಗ್ಗುಲಿನ ಫೋಟೋ ತೆಗೆದು, "ಹೊಸದರಂತಿದೆ" ಎನ್ನುತ್ತಾರೆ. ನಮ್ಮಣ್ಣ ಸಾಮಾನನ್ನು ತಿರುಗಿಸಿ ನಿಲ್ಲಿಸುತ್ತಿದ್ದ. "ಮೊದಲ ಬೆನ್ನು ತೋರಸು. ಗಾಯ ಇದ್ರ ಅಲ್ಲೇ ಇರ್ತಾವ." ಒಮ್ಮೆ ನಾನು ರೊಟ್ಟಿ ಬಡಿಯುತ್ತ ಕೂತಿದ್ದಾಗ ಒಂದು ಫ್ರಿಜ್ಜಿನ ವಿವರವನ್ನು ತಾನೇ ಮೊಬೈಲಿಗೆ ಹೇಳಿಬಿಟ್ಟ: "ಆರು ವರ್ಷದ್ದು. ಬಿಳೀ ಬಣ್ಣ. ಭಾಳ ಸಾಧು. ಹಿಂದಿನ ಎಡಗಾಲು ಕುಂಟು, ಕೆಳಗ ಕಲ್ಲು ಕೊಡಬೇಕು. ರಾತ್ರಿ ಗೊರಕಿ ಹೊಡೀತೈತಿ, ಅಂಜಬಾರ್ದು. ಒಳಗಿನ ದೀಪ ಸತ್ತೈತಿ. ತಂಪು ಮಾತ್ರ ಖರೆ."

ನಾನು ಹಿಟ್ಟಿನ ಕೈ ತೊಳೆದುಕೊಂಡು ಅಳಿಸಲು ಹೋಗುವಷ್ಟರಲ್ಲಿ ಊರೆಲ್ಲ ಓದಿಯಾಗಿತ್ತು. ಸಂಜೆಯೊಳಗೆ ಹುನಗುಂದದಿಂದ ಒಬ್ಬ ಮಾಸ್ತರರು ಬಂದು, ಚೌಕಾಶಿಯ ಮಾತೇ ಆಡದೆ ಫ್ರಿಜ್ಜನ್ನು ಟಂಟಂ ಗಾಡಿಯಲ್ಲಿ ಹೇರಿಕೊಂಡರು! "ಇಷ್ಟು ಖರೆ ಹೇಳೋರು ಯಾರದಾರ ಅಂತ ನೋಡಾಕ ಬಂದೆ ನೋಡ್ರಿ," ಎಂದು ಅಣ್ಣನಿಗೆ ಕೈಮುಗಿದರು. ನನಗೆ ಹೆಮ್ಮೆಯಾಗಬೇಕಿತ್ತಲ್ಲವೇ? ಆದದ್ದು ನಾಚಿಕೆ. ಓಣಿಯ ಹೆಂಗಸರು ನಲ್ಲಿಯ ಹತ್ತಿರ, "ಎಮ್ಮಿ ಯಾವಾಗ ಮಾರಾಕ ಹಚ್ಚೀರಿ?" ಎಂದು ಕೇಳಿ ನಕ್ಕಿದ್ದರು.

ಮತ್ತೊಮ್ಮೆ ಹಿಂದಿ ಮಾತಾಡುವವನೊಬ್ಬ ಫೋನ್ ಮಾಡಿ, ನಾವು ಮಾರಲು ಹಾಕಿದ್ದ ಮಿಕ್ಸರನ್ನು ಹೇಳಿದ ದರಕ್ಕೇ ಒಪ್ಪಿಕೊಂಡ. ರೊಕ್ಕ ಕಳಿಸುತ್ತೇನೆಂದು ಕಪ್ಪು ಚುಕ್ಕಿಗಳ ಒಂದು ಚೌಕದ ಚಿತ್ರ ಕಳಿಸಿದ. ಅಣ್ಣ ಪಕ್ಕದಲ್ಲಿ ಕೂತು ಶೇಂಗಾ ಸುಲಿಯುತ್ತಿದ್ದ.

"ಏನಂತಾನ?"

"ಇದನ್ನ ಸ್ಕ್ಯಾನ್ ಮಾಡಿ ಪಿನ್ ಒತ್ತಿದ್ರ ನಮಗ ರೊಕ್ಕ ಬರ್ತಾವಂತ."

"ಮಾಲು ನೋಡಿಲ್ಲ, ಮುಟ್ಟಿಲ್ಲ, ಹೇಳಿದ ರೇಟಿಗೇ ಹೂಂ ಅಂದಾನ. ಈಗ ರೊಕ್ಕ ಕೊಡಾಕ ನನ್ನ ಕಿಸೆದಾಗ ಯಾಕ ಕೈ ಹಾಕಬೇಕವ್ವಾ ಅಂವ?"

ನನ್ನ ಬೆರಳು ಅಲ್ಲೇ ನಿಂತಿತು. ಆಮೇಲೆ ಓಣಿಯಲ್ಲಿ ಇಬ್ಬರು ಹಾಗೆಯೇ ಪಿನ್ ಒತ್ತಿ ರೊಕ್ಕ ಕಳೆದುಕೊಂಡದ್ದು ಕೇಳಿದೆ. ಅಣ್ಣನಿಗೆ ಒಂದು ಒಳ್ಳೆಯ ಮಾತು ಹೇಳಿದೆನೇ? ಇಲ್ಲ. ಬಂದ ಗಿರಾಕಿಯನ್ನು ಕಳೆದ ಎಂದು ಅವತ್ತೆಲ್ಲ ಮುಖ ಗಂಟಿಕ್ಕಿಕೊಂಡು ಬಡಿಸಿದೆ.

ಮಾರಿದ ಮೇಲಾದರೂ ಬಿಡುತ್ತಿದ್ದನೇ? "ಕೊಟ್ಟ ಮನಿಗೆ ಹೋಗಿ ನೋಡಿ ಬರಬೇಕು," ಎಂದು ಮೊಪೆಡ್ ಹತ್ತಿ ಹೊರಟುಬಿಡುತ್ತಿದ್ದ. ಇತ್ತ ಹುನಗುಂದ, ಅತ್ತ ಬಾದಾಮಿ. ಒಂದು ದಿನ ಬಾದಾಮಿಯಿಂದ ಒಬ್ಬ ಹೆಣ್ಣುಮಗಳ ಫೋನು.

"ಯಕ್ಕಾರ, ನಿಮ್ಮಣ್ಣಾರು ಬಂದಾರ್ರಿ. ವಾಷಿಂಗ್ ಮಷೀನಿನ ಹೊಟ್ಟಿ ಸವರಾಕತ್ತಾರ. ಎರಡೂ ಹೊತ್ತು ನೀರು ಕುಡೀತೈತೇನು ಅಂತ ಕೇಳ್ತಾರ. ಏನ್ ಹೇಳ್ಲಿ?"

"ಕುಡೀತೈತಿ ಅಂತ ಹೇಳ್ರಿ. ಎದ್ದು ಬರ್ತಾನ."

ಆ ವಾರವೇ ಮೊಬೈಲಿನಲ್ಲಿ ನನ್ನ ಹೆಸರಿನ ಕೆಳಗೆ ಯಾರೋ ಐದರಲ್ಲಿ ಒಂದೇ ಒಂದು ಚುಕ್ಕಿ ಕೊಟ್ಟು ಬರೆದಿದ್ದರು: "ಸಾಮಾನು ಛಲೋ, ಅಣ್ಣ ಬ್ಯಾಡ." ನನ್ನ ಗಂಡ ಓದಿ ಓದಿ ನಕ್ಕರು. ನಾನೂ ನಕ್ಕೆ. ಎಲ್ಲರೂ ನಕ್ಕು ಮುಗಿಸಿದ ಮೇಲೆ ಆ ಮಾತು ನನ್ನೊಳಗೆ ಉಳಿದುಕೊಂಡಿತು. ಯಾರೋ ಬರೆದದ್ದು ಎಂದು ಮೊದಮೊದಲು ಅನಿಸುತ್ತಿತ್ತು. ಬರಬರುತ್ತ ನಾನೇ ಬರೆದದ್ದು ಎನಿಸತೊಡಗಿತು.

ಅಷ್ಟರಲ್ಲಿ ಅಣ್ಣನ ಕಣ್ಣಿಗೆ ಪೊರೆ ಬಂತು. ಬಾಗಲಕೋಟೆಯ ದವಾಖಾನೆಯಲ್ಲಿ ಆಪರೇಷನ್ ಆಯಿತು. ಒಂದು ತಿಂಗಳು ಗಾಡಿ ಹೊಡೆಯಬಾರದು ಎಂದರು ಡಾಕ್ಟರು. ಇನ್ನು ಮುಂದೆ ಹೊಡೆಯಲೇಬಾರದು ಎಂದು ನಾನು ಕೇಳಿಸಿಕೊಂಡೆ. ಹಾಗೆ ಕೇಳಿಸಿಕೊಳ್ಳುವುದು ನನಗೆ ಬೇಕಾಗಿತ್ತು. ಮೊಪೆಡ್ ಇಲ್ಲದಿದ್ದರೆ ಅವನು ಯಾರ ಮನೆಗೂ ಹೋಗುವುದಿಲ್ಲ, ಯಾರೂ ನನಗೆ ಫೋನ್ ಮಾಡುವುದಿಲ್ಲ! ಮೊಪೆಡ್ಡಿನ ಜಂಗು ಹಿಡಿಯದ ಮಗ್ಗುಲಿನ ಫೋಟೋ ಮೊದಲೇ ತೆಗೆದಿಟ್ಟಿದ್ದೆ. "ಹೊಸದರಂತಿದೆ" ಎಂದು ಹಾಕಿದೆ. ಬೇವೂರಿನವರೊಬ್ಬರು ಒಪ್ಪಿದರು. ಗಾಡಿಯ ಕಾಗದದಲ್ಲಿ ಹೆಸರು ಬದಲಿಸಲು ಮಾಲೀಕನ ಸಹಿ ಬೇಕು ಎಂದರು.

ಅಣ್ಣ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ದವಾಖಾನೆಯ ಮಂಚದ ಮೇಲೆ ಕೂತಿದ್ದ. ನಾನು ಕಾಗದವನ್ನು ಅವನ ತೊಡೆಯ ಮೇಲಿಟ್ಟು ಕೈಗೆ ಪೆನ್ನು ಕೊಟ್ಟೆ.

"ಏನವ್ವಾ ಇದು?"

"ದವಾಖಾನಿ ಕಾಗದ."

"ನೀ ಓದೀಯಿಲ್ಲೋ?"

"ಓದೇನಿ."

"ಹಂಗಾರ ಮುಗೀತು," ಎಂದು ಸಹಿ ಹಾಕಿದ.

ಅವನು ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಅಪ್ಪನ ಹತ್ತಿರ ಜಗಳಾಡಿ ನನ್ನನ್ನು ಶಾಲೆಗೆ ಕಳಿಸಿದವನು. ಆ ಸಹಿಯನ್ನು ಅವನಿಗೆ ಕಲಿಸಿದವಳು ನಾನೇ.

ಬೇವೂರಿನವರಿಗೆ ಕೀಲಿ ಕೊಟ್ಟೆ, ಇನ್ನೊಂದು ಕೀಲಿಯನ್ನೂ ಕೊಟ್ಟೆ, ರಿಪೇರಿಯ ಪಾನಾ ಚೀಲ, ಕಾಗದಪತ್ರ ಎಲ್ಲ ಕೊಟ್ಟೆ. ಪೂರ್ತಿ ಮಾರಿದೆ.

ಮನೆಗೆ ಬಂದ ಅಣ್ಣ ಬಾಗಿಲ ಮುಂದಿನ ಬೇವಿನ ಗಿಡದ ಕೆಳಗೆ ನಿಂತ. ಮೊಪೆಡ್ ನಿಲ್ಲುತ್ತಿದ್ದ ಜಾಗದಲ್ಲಿ ಎಣ್ಣೆಯ ಕಲೆಯಷ್ಟೇ ಇತ್ತು.

"ಯಾರು ಒಯ್ದ್ರು?"

"ಬೇವೂರಿನವರು. ನಿನ್ನ ಕಣ್ಣಿಗಂತ, ಅಣ್ಣಾ..."

"ಅವರ ಮನಿ ಮುಂದ ನೆಳ್ಳ ಐತೇನು?"

ನಾನು ಕೇಳಿರಲಿಲ್ಲ.

"ಎಡಕ್ಕ ವಾಲಿಸಿ ಕಿಕ್ ಹೊಡೀಬೇಕು ಅಂತ ಹೇಳಿಯಿಲ್ಲೋ? ಇಲ್ಲಾಂದ್ರ ಚಾಲೂ ಆಗಂಗಿಲ್ಲ ಅದು."

ಅದನ್ನೂ ಹೇಳಿರಲಿಲ್ಲ. ಅವನು ಸಹಿಯ ಮಾತು ಎತ್ತಲಿಲ್ಲ. ಬೈದಿದ್ದರೆ ನಾನೂ ಎದುರು ಮಾತಾಡಿ ಹಗುರಾಗುತ್ತಿದ್ದೆನೇನೋ. ಕಾಲು ತೊಳೆದುಕೊಂಡು ಒಳಗೆ ಹೋದ.

ಕೆಲವು ದಿನ ಬಿಟ್ಟು, ತಡೆಯಲಾರದೆ, ನಾನೇ ಬೇವೂರಿಗೆ ಫೋನ್ ಮಾಡಿ ಗಾಡಿ ತಿರುಗಿ ಕೊಡುತ್ತೀರಾ ಎಂದು ಕೇಳಿದೆ. "ನನ್ನ ಮಗಳು ಅದರ ಮ್ಯಾಲೆ ಕಾಲೇಜಿಗೆ ಹೋಗ್ತಾಳ್ರಿ. ಅಕಿ ಹತ್ರ ಹೆಂಗ ಕಸಗೊಳ್ಳಲಿ, ನೀವೇ ಹೇಳ್ರಿ," ಎಂದರು. ಅವರ ಮಾತು ನ್ಯಾಯವೇ ಇತ್ತು.

ಈಗ ಗಿರಾಕಿಗಳು ಬಂದರೆ ಅಣ್ಣ ತಾನಾಗಿಯೇ ಎದ್ದು ಹಿತ್ತಲಿಗೆ ಹೋಗುತ್ತಾನೆ. ಯಾರ ದೂರೂ ಇಲ್ಲ. ಎಲ್ಲರೂ ಐದು ಚುಕ್ಕಿ ಕೊಡುತ್ತಾರೆ. ನನ್ನ ವ್ಯಾಪಾರ ಏನು ಚಂದ ನಡೆದಿದೆ ಅಂತೀರಿ!

ಮೊನ್ನೆ ಮಧ್ಯಾಹ್ನ ನಾನು ಕಟ್ಟೆಯ ಮೇಲೆ ಒಂದು ಹೊಲಿಗೆ ಮಷೀನಿನ ಫೋಟೋ ತೆಗೆಯುತ್ತಿದ್ದೆ. ಅಣ್ಣ ಮಡಿಚಿಟ್ಟಿದ್ದ ಧೋತರ ಉಟ್ಟು, ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡು ಹೊಸ್ತಿಲ ಬಳಿ ಬಂದು ನಿಂತ. ಏನೋ ಹೇಳಬೇಕೆಂದು ಗಂಟಲು ಸರಿಮಾಡಿಕೊಂಡ.

"ತಂಗೀ, ಬಸ್‌ಸ್ಟ್ಯಾಂಡಿನ ತನಕ ಹೋಗಿ ಬರ್ಲೇನು?"

ಕುರಿ ಹೊಡೆದುಕೊಂಡು ಹೊಳೆ ದಾಟಿ, ಗುಡ್ಡ ದಾಟಿ, ತಿಂಗಳುಗಟ್ಟಲೆ ಊರೂರು ತಿರುಗಿ ಬಂದವನು ನಮ್ಮಣ್ಣ. ಅಪ್ಪನನ್ನು ಕೇಳಿ ಹೋದವನಲ್ಲ, ಹೋಗುತ್ತೇನೆ ಎಂದು ಹೇಳಿ ಹೋದವನು. ಈಗ ನನ್ನನ್ನು ಕೇಳುತ್ತಿದ್ದಾನೆ. ಹೂಂ ಎನ್ನಲು ನಾನು ಯಾರು? ಕಣ್ಣಲ್ಲಿ ನೀರು ಬಂತು.

ಅಣ್ಣ ನನ್ನನ್ನೇ ನೋಡಿದ. ಆಪರೇಷನ್ ಆದ ಕಣ್ಣು, ಎಲ್ಲ ಚೊಕ್ಕ ಕಾಣುತ್ತದೆ ಎನ್ನುತ್ತಾನೆ. ಹತ್ತಿರ ಬಂದು ನನ್ನ ತಲೆಯ ಮೇಲೆ ಕೈಯಿಟ್ಟ.

"ಯಾಕ ಅಳ್ತಿ, ಹುಚ್ಚಿ? ಬಿಸಲು ಭಾಳ ಐತಿ ಅಂತ ಹೌದಿಲ್ಲೋ? ಬಿಡು, ಹೊತ್ತು ಇಳಿದ ಮ್ಯಾಲೆ ಹೋಗ್ತೇನಿ," ಎಂದವನು, ಚಪ್ಪಲಿಗಳನ್ನು ಸಪ್ಪಳವಾಗದಂತೆ ಮೂಲೆಗಿಟ್ಟು ಒಳಗೆ ಹೋದ.