ಇನ್ನೊಂದು ಸಲ ಜಾರಿದರೆ ಬೈಕು ಮಾಲೂರಿಗೆ

ಬೈಕಿಗೆ ಎರಡು ಟೈರು ಹಾಕಿಸುವುದು ಎಂಥ ದೊಡ್ಡ ಕೆಲಸ? ಬೇರೆಯವರು ಬೆಳಿಗ್ಗೆ ಅಂಗಡಿಗೆ ಹೋಗಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತಾರೆ. ನಮ್ಮ ಮನೆಯಲ್ಲಿ ಹಾಗಲ್ಲ. ಬರೀ ಗಾಳಿ ಹೊಡೆಸಲು ಹೋದರೂ ಬೀದಿಯವರೆಲ್ಲ ಹೊಟ್ಟೆ ಹಿಡಿದು ನಗುವಂಥದ್ದು ಏನಾದರೊಂದು ನಡೆದೇ ತೀರುತ್ತದೆ. ನಾನೇನೂ ಹರಕೆ ಹೊತ್ತು ಬೇಡಿಕೊಂಡವಳಲ್ಲ.

ನಾನು ದನದ ಡಾಕ್ಟರು. ಮನೆ ಕೋಲಾರದಲ್ಲಿ, ಕೆಲಸ ಹೋಳೂರಿನ ಕಡೆ. ಗಂಡ ನರಸಾಪುರದ ಕಾರ್ಖಾನೆಯಲ್ಲಿ ಸೂಪರ್‌ವೈಸರ್, ಕಂಪನಿ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಬೈಕು ನನ್ನದು. ಸೆಕೆಂಡ್ ಹ್ಯಾಂಡ್ ಆದರೂ ದೊಡ್ಡ ಬೈಕು. ಸ್ಪೋರ್ಟ್ ಟೂರಿಂಗ್ ಅನ್ನುತ್ತಾರೆ. ಅಂದರೆ ಜೋರಾಗಿಯೂ ಓಡಬೇಕು, ದೂರಕ್ಕೂ ಹೋಗಬೇಕು, ಸೊಂಟವೂ ನೋಯಬಾರದು ಅನ್ನುವ ನನ್ನಂಥ ದುರಾಸೆಯವರಿಗೆ ಮಾಡಿದ ಗಾಡಿ. ವಾರವೆಲ್ಲ ಹಸು ಎಮ್ಮೆಗಳ ಹಿಂದೆ ನಿಂತು ಒದೆ ತಿಂದವಳಿಗೆ ಭಾನುವಾರ ಬೆಳಿಗ್ಗೆ ಮುಳಬಾಗಿಲಿನ ಹೆದ್ದಾರಿಯಲ್ಲಿ ಆ ಬೈಕೇ ದೇವರು. ಅಂಥ ಬೈಕನ್ನು ಒಂದು ಬುಟ್ಟಿ ಟೊಮೆಟೊ ದೆಸೆಯಿಂದ ಕಳೆದುಕೊಳ್ಳುವುದರಲ್ಲಿದ್ದೆ.

ಒಗ್ಗರಣೆ ಒಂದು ಬಾಕಿ

ಹೆದ್ದಾರಿಯಲ್ಲಿ ನೆಟ್ಟಗೆ ಓಡಿ ಓಡಿ ಹಿಂದಿನ ಟೈರಿನ ನಡುಭಾಗ ಸವೆದು ಚಪ್ಪಟೆಯಾಗಿತ್ತು. ಬೈಕಿನ ಟೈರು ದುಂಡಗಿದ್ದರೆ ತಿರುವಿನಲ್ಲಿ ಸಲೀಸಾಗಿ ವಾಲುತ್ತದೆ. ಚಪ್ಪಟೆಯಾದರೆ ಹಟ ಮಾಡುತ್ತದೆ. ಬದಲಾಯಿಸಬೇಕು ಎಂದು ನಾನು ಹೇಳುತ್ತಲೇ ಇದ್ದೆ, ಆ ವಾರವೇ ನಮ್ಮ ಮನೆ ಮುಂದಿನ ತಿರುವಿನಲ್ಲಿ ಮಾರ್ಕೆಟ್ಟಿಗೆ ಹೋಗುವ ಟೆಂಪೋದಿಂದ ಹಣ್ಣು ಟೊಮೆಟೊ ಚೆಲ್ಲಿತ್ತು. ನಾನು ಬಂದೆ, ವಾಲಿಸಿದೆ, ಜಾರಿದೆ. ನಡೆಯುವ ವೇಗದಲ್ಲಿದ್ದುದರಿಂದ ಮಂಡಿ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಆದರೆ ತಲೆಯಿಂದ ಕಾಲಿನವರೆಗೆ ಕೆಂಪಗೆ ಎದ್ದು ಕೂತವಳನ್ನು ಬಾಗಿಲಲ್ಲಿ ನಿಂತ ನಮ್ಮ ಅತ್ತೆ ನೋಡಿಬಿಟ್ಟರು. ಅತ್ತೆ ಮುಳಬಾಗಿಲಿನವರು, ಗಾಬರಿಯಾದರೆ ತೆಲುಗು ಬರುತ್ತದೆ. "ಅಯ್ಯಯ್ಯೋ ದೇವುಡಾ, ರಕ್ತಂ! ರಕ್ತಂ!" ಎಂದು ಕೂಗಿದ ಕೂಗಿಗೆ ಎದುರು ಮನೆಯ ಆಂಟಿ ಅರಿಶಿನದ ಡಬ್ಬ ಹಿಡಿದು ಓಡಿಬಂದರು. "ಮೊದ್ಲು ರಕ್ತ ನಿಲ್ಲಿಸ್ಬೇಕು, ಆಮೇಲೆ ಆಸ್ಪತ್ರೆ" ಎಂದು ಡಬ್ಬ ಪೂರ್ತಿ ನನ್ನ ಮೇಲೆ ಸುರಿದರು. "ಆಂಟಿ, ಟೊಮೆಟೊ" ಅಂದೆ. "ಪಾಪ, ಏನೇನೋ ಮಾತಾಡ್ತಿದಾಳೆ" ಎಂದು ಒಬ್ಬರು ತಲೆಗೆ ನೀರು ಹೊಯ್ದರು. ಟೊಮೆಟೊ ಆಯಿತು, ಅರಿಶಿನ ಆಯಿತು, ನೀರೂ ಆಯಿತು. ಯಾರಾದರೂ ಒಂದು ಒಗ್ಗರಣೆ ಹಾಕಿದ್ದರೆ ಆವತ್ತು ಬೀದಿಗೆಲ್ಲ ನಾನೇ ಸಾರು.

ಮಾಲೂರಿನ ಒದೆ

ನನ್ನ ಮೈ ತೊಳೆದಾದ ಮೇಲೆ ಅತ್ತೆ ತೀರ್ಪು ಕೊಟ್ಟರು. "ಇನ್ನೊಂದು ಸಲ ಜಾರಿತೋ, ಬೈಕು ಮಾಲೂರಿಗೆ ಹೋಗುತ್ತೆ. ನಂದು ಒಂದೇ ಮಾತು ಕಣೇ." ನಮ್ಮ ಮನೆಯಲ್ಲಿ ಅತ್ತೆಯ ಒಂದೇ ಮಾತಿಗೆ ಎರಡನೆಯ ಮಾತಿಲ್ಲ. ಬೈಕು ತರುವಾಗ ನೆಂಟರೆಲ್ಲ ಬೇಡವೆಂದರೂ ನನ್ನ ಪರ ವಹಿಸಿದ್ದೂ ಅವರೇ, ಹಾಗಾಗಿ ನಾನೂ ತಲೆಯಾಡಿಸಿದೆ.

ಮಾಲೂರು ಅಂದರೆ ಅತ್ತೆಗೆ ದೂರದ ಸಂಬಂಧಿಯಾದ ಒಬ್ಬ ಇಟ್ಟಿಗೆ ವ್ಯಾಪಾರಿ. ಇಟ್ಟಿಗೆ ಮಣ್ಣಿನ ನಡುವೆ ಇರುವವನು, ತೊಡುವುದು ಮಾತ್ರ ಬಿಳಿ ಶರ್ಟು, ಬಿಳಿ ಪ್ಯಾಂಟು, ಬಿಳಿ ಶೂ. ನನ್ನ ಬೈಕಿನ ಮೇಲೆ ಅವನಿಗೆ ಮೊದಲಿಂದಲೂ ಕಣ್ಣು. ಸುದ್ದಿ ಸಿಕ್ಕ ಮರುದಿನವೇ ಬಂದ. ಗಾಡಿ ಪರೀಕ್ಷೆ ಮಾಡುವ ಅವನ ವಿಧಾನ ಒಂದೇ, ಟೈರಿಗೆ ಕಾಲೆತ್ತಿ ಒದೆಯುವುದು. ಮುಂದಿನದಕ್ಕೊಂದು ಒದ್ದ, "ಹೂಂ" ಅಂದ. ಹಿಂದಿನದಕ್ಕೊಂದು ಒದ್ದ, "ಹೂಂಹೂಂ" ಅಂದ.

ನನಗೆ ಉರಿದು ಹೋಯಿತು. "ಒದ್ದರೆ ಏನು ಗೊತ್ತಾಗುತ್ತೆ?" ಎಂದು ಕೇಳಿದೆ.

"ಅನುಭವ ಮೇಡಂ. ನೀವು ಹಸು ಮುಟ್ಟಿ ನೋಡಲ್ವಾ?"

"ನೋಡ್ತೀನಿ. ಆದ್ರೆ ಅಲ್ಲಿ ಒದೆಯೋದು ಹಸು, ಡಾಕ್ಟರಲ್ಲ."

ಯಜಮಾನರ ಆಯ್ಕೆ

ಟೈರು ತರಲು ಗಂಡನನ್ನು ಕರೆದುಕೊಂಡು ಹೋದದ್ದು ಜೊತೆಗಿರಲಿ ಎಂದು, ಅಷ್ಟೆ. ಅಂಗಡಿಯ ಸಾಹೇಬರು ತಲೆಮಾರುಗಳಿಂದ ಕೋಲಾರದಲ್ಲಿ ಟೈರು ವ್ಯಾಪಾರ ಮಾಡಿದ ಮನೆತನದವರು, ಬಹಳ ಮರ್ಯಾದಸ್ಥರು. ಆ ಮರ್ಯಾದೆಯನ್ನೆಲ್ಲ ನನ್ನ ಗಂಡನಿಗೇ ಕೊಟ್ಟರು. "ಆಯಿಯೇ ಸಾಬ್, ಕೂತ್ಕಳ್ಳಿ. ಎಂಥಾ ಬೈಕು ಇಟ್ಟಿದೀರಿ! ದಿಲ್ ಖುಷ್ ಆಯ್ತು."

ನಮ್ಮವರು ಗಾಂಭೀರ್ಯದಿಂದ "ಥ್ಯಾಂಕ್ಸ್" ಅಂದರು. ಎಲ್ಲಿ ಹೋದರೂ ಇದೇ ಕಥೆ. ಬೈಕಿನ ಮೇಲೆ ಹಿಂದೆ ಕೂತು ಕಣ್ಣು ಮುಚ್ಚಿ ದೇವರ ನಾಮ ಹೇಳುವ ಮನುಷ್ಯ, ಇಳಿದ ಕೂಡಲೇ ಅಭಿನಂದನೆ ಸ್ವೀಕರಿಸಲು ಮಾತ್ರ ಸಿದ್ಧ.

ಸಾಹೇಬರು ಮುಂದುವರಿಸಿದರು. "ಬೋಲಿಯೇ ಸಾಬ್. ಹೈವೇಗೆ ಬಾಳಿಕೆ ಬರೋದಾ? ತಿರುವಿನಲ್ಲಿ ಅಂಟ್ಕೊಂಡು ಹೋಗೋದಾ? ಮಳೇಲಿ ಹಿಡಿಯೋದಾ? ನಿಮ್ದು ಯಾವ ಟೈಪು?"

ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು ಕಾಲ ಮೇಲೆ ಕಾಲು ಹಾಕಿಕೊಂಡರು. ಅಂಗಡಿಯ ತುಂಬ ಜೋಡಿಸಿದ್ದ ಟೈರುಗಳನ್ನೆಲ್ಲ ಒಮ್ಮೆ ನಿಧಾನವಾಗಿ ನೋಡಿದರು. ಸಾಹೇಬರು ಕಾದರು. ನಾನೂ ಕಾದೆ.

"ಕಪ್ಪಗಿರೋದು ಕೊಡಿ" ಅಂದರು.

ಮುದ್ದೆಯ ಮಾತು

ಆಮೇಲೆ ಸಾಹೇಬರು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು, ಕೆಲಸ ಬೇಗ ಮುಗಿಯಿತು. ನಾನು ಆರಿಸಿದ್ದು ಸ್ಪೋರ್ಟ್ ಟೂರಿಂಗ್‌ಗೆಂದೇ ಮಾಡಿದ ಜೋಡಿ ಟೈರು. ಬೆಂಗಳೂರಿನಿಂದ ತರಿಸಬೇಕಿತ್ತು. ಮನೆಗೆ ಬಂದು ಅತ್ತೆಗೆ ವಿವರಿಸಲು ಕೂತೆ, ಅವರ ಮನಸ್ಸು ಗೆಲ್ಲಲೇಬೇಕಲ್ಲ.

"ಅತ್ತೆ, ಇದು ಮಾಮೂಲಿ ಟೈರಲ್ಲ. ಹೈವೇಲಿ ನೆಟ್ಟಗೆ ಹೋಗೋವಾಗ ನಡುಭಾಗ ಮಾತ್ರ ಸವೆಯುತ್ತೆ, ಅದಕ್ಕೇ ನಡುವೆ ಗಟ್ಟಿ ರಬ್ಬರ್ ಇಟ್ಟಿರ್ತಾರೆ. ತಿರುವಿನಲ್ಲಿ ಹಿಡಿತ ಬೇಕಲ್ಲ, ಅದಕ್ಕೆ ಅಂಚಲ್ಲಿ ಮೆತ್ತಗಿರೋ ರಬ್ಬರ್. ನಡುವೆ ಗಟ್ಟಿ, ಅಂಚು ಮೆತ್ತಗೆ. ಗೊತ್ತಾಯ್ತಾ?"

ಅತ್ತೆ ಹುರುಳಿಕಾಯಿ ಮುರಿಯುವುದನ್ನು ನಿಲ್ಲಿಸಿ ಯೋಚಿಸಿದರು. ಅವರ ಮುಖದಲ್ಲಿ ಬೆಳಕು ಮೂಡಿತು. ಅರ್ಥವಾಯಿತು ಎಂದು ನನಗೆ ಬಹಳ ಸಂತೋಷವಾಯಿತು.

"ಓಹೋ, ನೀನು ತಿರುವೋ ರಾಗಿ ಮುದ್ದೆ ಹಂಗೆ ಅನ್ನು."

ಸುಳಿ ಸರಿಯಿಲ್ಲ

ಟೈರು ಬಂತು, ಸಾಹೇಬರು ಮುತುವರ್ಜಿಯಿಂದ ಹಾಕಿಕೊಟ್ಟರು. ಮರುದಿನ ಕೆಲಸಕ್ಕೆ ಅದರಲ್ಲೇ ಹೋದೆ. ದನ ಹಿಡಿದುಕೊಂಡು ಬಂದ ರೈತರೆಲ್ಲ ದನ ಬಿಟ್ಟು ಬೈಕಿನ ಸುತ್ತ ಸೇರಿದರು. ನಮ್ಮ ಕಡೆ ದನ ಕೊಳ್ಳುವಾಗ ಹಾಲು ಕೇಳುವ ಮೊದಲು ಮೈಮೇಲಿನ ಕೂದಲಿನ ಸುಳಿ ನೋಡುತ್ತಾರೆ. ಸುಳಿ ಕೆಟ್ಟದ್ದಾದರೆ ಎಂಥ ಹಸುವನ್ನೂ ಮುಟ್ಟುವುದಿಲ್ಲ. ಸುಳಿ ನೋಡುವುದರಲ್ಲಿ ಹೆಸರಾದ ಒಬ್ಬ ಹಿರಿಯ ರೈತ ಟೈರಿನ ಗೀರುಗಳ ಮೇಲೆ ಬೆರಳಾಡಿಸಿ ತಲೆಯಾಡಿಸಿದ.

"ಮೇಡಂ, ಮೋಸ ಹೋದ್ರಿ. ಮುಂದಿನ ಟೈರಿನ ಸುಳಿ ಹಿಂದಕ್ಕೆ ತಿರುಗೈತೆ, ಹಿಂದಿನದು ಮುಂದಕ್ಕೆ ತಿರುಗೈತೆ. ಜೋಡಿ ಕೂಡಲ್ಲ. ಒಂದನ್ನ ಬಿಚ್ಚಿ ತಿರುವಿ ಹಾಕ್ಸಿ."

"ಹೌದಲ್ಲಾ!" ಎಂದು ಸುತ್ತಲಿನವರೆಲ್ಲ ಬಗ್ಗಿ ನೋಡಿದರು. ಒಬ್ಬ ಆಗಲೇ ಸ್ಪ್ಯಾನರ್ ಎಲ್ಲಿ ಸಿಗುತ್ತದೆ ಎಂದು ವಿಚಾರಿಸಲು ಹೊರಟ.

ನಾನು ಟೈರಿನ ಪಕ್ಕೆಯಲ್ಲಿದ್ದ ಬಾಣದ ಗುರುತು ತೋರಿಸಿದೆ. "ಇರೋದೇ ಹಂಗೆ. ಹಿಂದಿನ ಚಕ್ರ ಗಾಡೀನ ಮುಂದಕ್ಕೆ ತಳ್ಳುತ್ತೆ. ಮುಂದಿನದರ ಮುಖ್ಯ ಕೆಲಸ ಬ್ರೇಕು, ಹಿಡಿದು ನಿಲ್ಲಿಸೋದು. ಕೆಲಸ ಬೇರೆ ಬೇರೆ, ಅದಕ್ಕೇ ಗೀರೂ ತಿರುಗುಮುರುಗು."

"ಅಂದ್ರೆ ಒಂದು ತಳ್ತಾ ಇರ್ತದೆ, ಇನ್ನೊಂದು ತಡೀತಾ ಇರ್ತದೆ. ಆದ್ರೂ ಗಾಡಿ ಮುಂದಕ್ಕೆ ಹೋಗ್ತದಾ?"

"ಹೋಗುತ್ತೆ."

ಹಿರಿಯ ತನ್ನ ಹಸುವಿನ ಹಗ್ಗ ಹಿಡಿದು ನಿಂತಿದ್ದ ಹೆಂಡತಿಯ ಕಡೆ ಒಮ್ಮೆ ನೋಡಿದ. "ಹಂಗಾದ್ರೆ ಸರಿಯಾಗೇ ಐತೆ ಬಿಡಿ. ನಮ್ಮನೇನೂ ಹಿಂಗೇ ನಡೆದೈತೆ."

ಮಿಂಚು

ಹೊಸ ಟೈರಿನ ಮೈಮೇಲೆ ತೆಳ್ಳಗೆ ಒಂದು ನುಣುಪು ಇರುತ್ತದೆ. ಅದು ಹೋಗುವವರೆಗೆ ಹುಷಾರಾಗಿ ಓಡಿಸಬೇಕು. ಹೊಸ ಟೈರಿನ ಪೂಜೆಗೆ ಅತ್ತೆ ಭಾನುವಾರ ಗೊತ್ತು ಮಾಡಿದ್ದರು, ಮಾಲೂರಿನವನಿಗೂ ಹೇಳಿಕಳಿಸಿದ್ದರು. ಅಷ್ಟರೊಳಗೆ ಟೈರು ಪಳಗಬೇಕೆಂದು ನಾನು ದಿನಾ ಬೆಳಿಗ್ಗೆ ಎದ್ದು ಶ್ರೀನಿವಾಸಪುರದ ಮಾವಿನ ತೋಪುಗಳ ನಡುವಿನ ತಿರುವುಗಳಲ್ಲಿ ಮೆಲ್ಲಗೆ ಆ ಕಡೆ ಈ ಕಡೆ ವಾಲಿಸಿ ಓಡಿಸಿದೆ. ಶನಿವಾರದ ಹೊತ್ತಿಗೆ ಟೈರು ಅಂಚಿನವರೆಗೂ ಮಂಕಾಗಿ, ಒರಟಾಗಿ, ಮುದ್ದು ಬರುವಂತೆ ಆಗಿತ್ತು.

ಶನಿವಾರ ಮಧ್ಯಾಹ್ನ ನಮ್ಮವರಿಗೆ ಹೆಂಡತಿಯ ಮೇಲೆ ಪ್ರೀತಿ ಉಕ್ಕಿತು. ಪೂಜೆಗೆ ಬೈಕು ಚೆನ್ನಾಗಿ ಕಾಣಲಿ ಎಂದು ನನಗೆ ಹೇಳದೆ ವಾಟರ್ ವಾಷ್‌ಗೆ ತಳ್ಳಿಕೊಂಡು ಹೋದರು. ನಮ್ಮೂರಲ್ಲಿ ತೊಳೆದಾದ ಮೇಲೆ ಗಾಡಿಗೆ ಮಿಂಚು ಬರಲೆಂದು ಡೀಸೆಲ್ ಹೊಡೆಯುವುದು ರೂಢಿ. ಟೈರಿಗೂ ಬಿಡದೆ ಹೊಡೆಸಿದ್ದರು. ನೋಡಿದರೆ ಟೈರಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಆ ಮುಖ ಚೆನ್ನಾಗಿರಲಿಲ್ಲ.

ಹಾಗೇ ಹತ್ತಿದ್ದರೆ ಗೇಟು ದಾಟುವ ಮೊದಲೇ ಬೈಕು ಮಾಲೂರು ಸೇರುತ್ತಿತ್ತು. ಪಾತ್ರೆ ಸೋಪು, ತೆಂಗಿನ ನಾರು ಹಿಡಿದು ಬೀದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಸಂಜೆಯವರೆಗೆ ಉಜ್ಜಿದೆ. ತೊಳೆದೆ, ಮೂಸಿದೆ, ಮತ್ತೆ ಉಜ್ಜಿದೆ. ಕೈ ಬಿದ್ದುಹೋಯಿತು. ಕೊನೆಗೆ ಟೈರು ಮೊದಲಿನಂತೆ ಮಂಕಾದಾಗ ನಮ್ಮವರು ಕಾಫಿ ತಂದುಕೊಟ್ಟು ಮರುಕದಿಂದ ಅಂದರು:

"ಛೆ, ಶೈನಿಂಗೆಲ್ಲ ಹೋಯ್ತಲ್ಲೇ! ಬೆಳಿಗ್ಗೆ ಬೇಗ ಹೋಗಿ ಇನ್ನೊಂದ್ಸಲ ಹೊಡೆಸ್ಕೊಂಡ್ ಬರ್ಲಾ?"

ನಿಂಬೆಹಣ್ಣಿನ ಜಾಗದಲ್ಲಿ

ಭಾನುವಾರ. ಬೈಕಿಗೆ ಹೂವು, ಕುಂಕುಮ, ಮಂಗಳಾರತಿ ಎಲ್ಲ ಆಯಿತು. ಮಾಲೂರಿನವನು ಬಿಳಿ ಬಟ್ಟೆಯಲ್ಲಿ ಬಂದು, ಆಗಲೇ ತನ್ನದಾಯಿತೆಂಬಂತೆ ಕಾಯುತ್ತಿದ್ದ. ಇನ್ನು ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ತುಳಿಸುವುದೊಂದೇ ಬಾಕಿ. ಅತ್ತೆ ಒಳಗೆ ಹೋದರು. ಹೊರಗೆ ಬಂದಾಗ ಸೊಂಟದ ಮೇಲೆ ಒಂದು ಬುಟ್ಟಿ ಇತ್ತು. ಸೀದಾ ನಾನು ಆವತ್ತು ಬಿದ್ದ ತಿರುವಿಗೆ ಹೋಗಿ ಬುಟ್ಟಿಯನ್ನು ಬೋರಲು ಹಾಕಿದರು. ಕಳಿತ ಟೊಮೆಟೊ. ಮೇಲೆ ನಿಂತು ಚಪ್ಪಲಿಯಿಂದ ನಾಲ್ಕು ತುಳಿದರು ಕೂಡ.

"ಅತ್ತೆ, ನಿಂಬೆಹಣ್ಣಲ್ವಾ ಇಡೋದು?"

"ನೀನು ನಿಂಬೆಹಣ್ಣಲ್ಲಿ ಬಿದ್ದಿದ್ದಾ? ಯಾವುದರಿಂದ ದೃಷ್ಟಿ ಆಯ್ತೋ ಅದನ್ನೇ ತುಳಿಸ್ಬೇಕು. ಬಾ, ಎಕ್ಕು ಬಂಡಿ!"

ಬಂಡಿ ಹತ್ತಿದೆ. ಬೀದಿ ಪೂರ್ತಿ ಬಾಗಿಲಿಗೆ ಬಂದಿತ್ತು. ನಮ್ಮವರು ಬೈಕಿನ ಮೇಲೆ ಇಲ್ಲದಿದ್ದರೂ ಅಭ್ಯಾಸಬಲದಿಂದ ಕಣ್ಣು ಮುಚ್ಚಿ ದೇವರ ನಾಮ ಶುರು ಮಾಡಿದರು. ನನಗೆ ನಿಜಕ್ಕೂ ಹೆದರಿಕೆಯಾಗಿತ್ತು. ಎಂಥ ಟೈರಾದರೂ ಟೊಮೆಟೊ ಟೊಮೆಟೊನೇ. ಬ್ರೇಕು ಮುಟ್ಟದೆ, ಎಕ್ಸಲೇಟರ್ ಅಲ್ಲಾಡಿಸದೆ, ಬೈಕನ್ನು ಆದಷ್ಟು ನೆಟ್ಟಗೆ ಹಿಡಿದು, ತಿರುವನ್ನು ಅಗಲವಾಗಿ ತೆಗೆದುಕೊಂಡು ಒಳಗೆ ಬಿಟ್ಟೆ. ಮುಂದಿನ ಚಕ್ರ ಪಚಕ್ ಅಂತು. ಹಿಂದಿನದು ಪಚಕ್ ಅಂತು. ಬೈಕು ಮದುವೆ ಮೆರವಣಿಗೆಯ ಹಾಗೆ ಗಂಭೀರವಾಗಿ ಆಚೆ ಬಂತು.

ಬೀದಿಯವರು ಚಪ್ಪಾಳೆ ಹೊಡೆದರು. ನಾನು ತಿರುಗಿಸಿಕೊಂಡು ಇನ್ನೊಮ್ಮೆ ಬಂದು ಟೊಮೆಟೊ ನಡುವೆಯೇ ನಿಲ್ಲಿಸಿದೆ. ಅದರ ಅಗತ್ಯವಿರಲಿಲ್ಲ, ಅದು ನನ್ನ ಕೊಬ್ಬು. ಖುಷಿಗೆ ಕಣ್ಣಲ್ಲಿ ನೀರು ಬಂತು. ಗೆದ್ದಿದ್ದೆ, ಬೈಕು ನನ್ನದೇ.

ಮಾಲೂರಿನವನು ಮಾತ್ರ ಒಪ್ಪಲಿಲ್ಲ. "ಇದ್ರಲ್ಲೇನೋ ಇದೆ ಅತ್ತೆ, ತಡೀರಿ, ನಾನು ಟೈರ್ ನೋಡ್ತೀನಿ" ಎಂದು ದಾಪುಗಾಲು ಹಾಕಿ ಬಂದ. ಅವನ ನೋಡುವ ವಿಧಾನ ಒಂದೇ ಅಲ್ಲವೇ? ಬಲಗಾಲು ಎತ್ತಿದ. ಎಡಗಾಲಿನ ಕೆಳಗೆ ಏನಿದೆ ಎಂದು ನೋಡಲಿಲ್ಲ. ಒದೆ ಟೈರಿನವರೆಗೆ ಬರಲೇ ಇಲ್ಲ, ಮನುಷ್ಯ ಮಾತ್ರ ಬಂದು ಬಿಳಿ ಪ್ಯಾಂಟಿನಲ್ಲಿ ಟೊಮೆಟೊ ಮೇಲೆ ಪಟ್ಟಾಗಿ ಕೂತುಬಿಟ್ಟ. ಕಣ್ಣು ಮಿಟುಕಿಸುವಷ್ಟರಲ್ಲಿ ಎದುರು ಮನೆಯ ಆಂಟಿ ಅರಿಶಿನದ ಡಬ್ಬ ಹಿಡಿದು ಓಡಿಬಂದರು.

ಹಳದಿ ಕೆಂಪು ಬಳಿದುಕೊಂಡು ಕೂತವನನ್ನು ಅತ್ತೆ ಸೊಂಟದ ಮೇಲೆ ಕೈಯಿಟ್ಟು ನೋಡಿದರು. "ನಿನಗೆ ಎರಡು ಚಕ್ರದ್ದು ಬೇಡಪ್ಪಾ. ಕಾರು ತಗೋ. ಬಿದ್ರೂ ಒಳಗೇ ಬೀಳ್ತೀಯ."

ಆಮೇಲೆ ಸೆರಗು ಬಿಗಿದು ಸಿಕ್ಕಿಸಿ, ನನ್ನ ಭುಜ ಹಿಡಿದು, ಬೈಕಿನ ಹಿಂದಿನ ಸೀಟು ಹತ್ತಿ ಕೂತರು. "ನಡಿಯೇ, ಮುಳಬಾಗಿಲಿಗೆ. ಇದನ್ನ ನಮ್ಮ ಅಕ್ಕನಿಗೆ ತೋರಿಸ್ಬೇಕು."

ನಮ್ಮವರು ಆಗ ತಾನೇ ಕಣ್ಣು ಬಿಟ್ಟಿದ್ದರು. "ಅಮ್ಮಾ, ಅದು ನನ್ನ ಸೀಟು! ನಾನು ಹೆಂಗ್ ಬರ್ಲಿ?"

"ನೀನು ಬಸ್ಸಲ್ಲಿ ಬಾ" ಅಂದರು ಅತ್ತೆ. "ಅದರ ಟೈರೂ ಕಪ್ಪಗೇ ಇರುತ್ತೆ."